ಕಂಪನಿ ಹೋದ ಮೇಲೂ ಬಾಗಿಲು ತೆರೆದಿರುವ ವರ್ಕ್‌ಶಾಪ್: ಹುಬ್ಬಳ್ಳಿ ಗೋಕುಲ ರಸ್ತೆಯ ಒಂದು ಕಾರ್ ಸರ್ವಿಸ್ ಕುರಿತು

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ, ಕೈಗಾರಿಕಾ ವಸಾಹತಿನ ಆಸುಪಾಸಿನಲ್ಲಿರುವ ಈ ವರ್ಕ್‌ಶಾಪ್‌ನ ಮುಂಭಾಗದಲ್ಲಿ ಈಗ ಯಾವ ಕಾರ್ ಕಂಪನಿಯ ಹೆಸರೂ ಇಲ್ಲ. ಎಲ್ಲ ಬಗೆಯ ಕಾರುಗಳ ಸರ್ವಿಸ್ ಮಾಡಿಕೊಡಲಾಗುವುದು ಎಂಬ ಸಾದಾ ಫ್ಲೆಕ್ಸ್ ಒಂದಿದೆ, ಅಷ್ಟೇ. ಕೆಲವು ವರ್ಷಗಳ ಹಿಂದೆ ಇದು ಭಾರತದಲ್ಲಿ ವ್ಯಾಪಾರ ನಿಲ್ಲಿಸಿದ ಒಂದು ಕಾರ್ ಕಂಪನಿಯ ಅಧಿಕೃತ ಡೀಲರ್‌ಶಿಪ್ ಆಗಿತ್ತು; ಮುಂದೆ ಗಾಜಿನ ಶೋರೂಮ್, ಹಿಂದೆ ವರ್ಕ್‌ಶಾಪ್. ಶೋರೂಮಿನ ಜಾಗ ಈಗ ಪೀಠೋಪಕರಣದ ಅಂಗಡಿಗೆ ಬಾಡಿಗೆಗೆ ಹೋಗಿದೆ, ವರ್ಕ್‌ಶಾಪ್ ಮಾತ್ರ ನಡೆಯುತ್ತಿದೆ. ನನ್ನ ಕಾರು ಅದೇ ಕಂಪನಿಯದು, ಅದೇ ಶೋರೂಮಿನಲ್ಲಿ ಕೊಂಡದ್ದು, ಇಂದಿಗೂ ಅಲ್ಲಿಯೇ ರಿಪೇರಿಗೆ ಬಿಡುವುದು. ಬ್ಯಾಂಕಿನೊಂದಿಗಿನ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲವಾದ್ದರಿಂದ ತಮ್ಮ ಹೆಸರು ಎಲ್ಲಿಯೂ ಬೇಡ ಎಂದು ಮಾಲೀಕರು ಕೇಳಿಕೊಂಡಿದ್ದಾರೆ. ಹಾಗಾಗಿ ಇಲ್ಲಿ ವರ್ಕ್‌ಶಾಪ್‌ನ ಹೆಸರೂ ಇಲ್ಲ, ಕಂಪನಿಯ ಹೆಸರೂ ಇಲ್ಲ. ಆದರೂ ವಿಮರ್ಶೆ ಬರೆಯುತ್ತಿರುವುದು, ಕಂಪನಿಯೇ ಇಲ್ಲದ ಮೇಲೆ ಡೀಲರ್‌ನಿಂದ ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸುವುದು ನ್ಯಾಯವಲ್ಲ ಎಂಬ ಪ್ರಶ್ನೆ ಇಂಥ ಕಾರು ಇಟ್ಟುಕೊಂಡಿರುವ ಎಲ್ಲರಿಗೂ ಎದುರಾಗುವುದರಿಂದ.

ಕಳೆದ ಬಾರಿ ನಾನು ಕಾರು ಬಿಟ್ಟದ್ದು ಮೂರು ಕೆಲಸಕ್ಕೆ: ಮುಂದಿನ ಸಸ್ಪೆನ್ಷನ್‌ನಿಂದ ಬರುತ್ತಿದ್ದ ಸದ್ದು, ಗಟ್ಟಿಯಾಗಿದ್ದ ಕ್ಲಚ್, ಎಡಗಡೆಯ ಹೆಡ್‌ಲ್ಯಾಂಪ್‌ನೊಳಗೆ ಸೇರುತ್ತಿದ್ದ ನೀರು. ಸರ್ವಿಸ್ ಅಡ್ವೈಸರ್ ಹಳೆಯ ನೌಕರರು. ಕಾರನ್ನು ಅಕ್ಷಯ ಪಾರ್ಕ್‌ವರೆಗೆ ತಾವೇ ಓಡಿಸಿಕೊಂಡು ಬಂದು, ಸದ್ದು ಲೋವರ್ ಆರ್ಮ್ ಬುಷ್‌ನದು (ಚಕ್ರವನ್ನು ಹಿಡಿದಿಡುವ ತೋಳಿನ ರಬ್ಬರ್ ಭಾಗ), ಶಾಕ್ ಅಬ್ಸಾರ್ಬರ್ ಇನ್ನೂ ಗಟ್ಟಿಯಿದೆ, ಅದನ್ನು ಮುಟ್ಟುವುದು ಬೇಡ ಎಂದು ಹೇಳಿದರು. ಬದಲಿಸಬೇಕಾಗಿಲ್ಲದ್ದನ್ನು ಬೇಡ ಎನ್ನುವ ಅಡ್ವೈಸರ್ ಇತ್ತೀಚೆಗೆ ಎಷ್ಟು ಅಪರೂಪ ಎಂಬುದು ಕಾರು ಇಟ್ಟವರಿಗೆ ಗೊತ್ತು. ಎಸ್ಟಿಮೇಟ್‌ನಲ್ಲಿ ಪ್ರತಿ ಬಿಡಿಭಾಗಕ್ಕೂ ಮೂರು ದರ ಬರೆದಿದ್ದರು: ಕಂಪನಿಯ ಮುದ್ರೆಯ ಭಾಗ ಸಿಕ್ಕರೆ ಅದರ ಬೆಲೆ, ಬೇರೆ ತಯಾರಕರ ಹೊಸ ಭಾಗದ ಬೆಲೆ, ಗುಜರಿಗೆ ಹೋದ ಗಾಡಿಯಿಂದ ತೆಗೆದ ಹಳೆಯ ಭಾಗದ ಬೆಲೆ. “ಯಾವುದು ಹಾಕೂಣು ನೀವ ಹೇಳ್ರಿ ಸರ್, ಆಮ್ಯಾಲೆ ಗೊತ್ತಿರಲಿಲ್ಲ ಅನಬ್ಯಾಡ್ರಿ” ಎಂದು ಸಹಿ ಮಾಡಿಸಿಕೊಂಡರು. ಈ ಮೂರು ದರಗಳ ಪದ್ಧತಿಯೇ ಈ ವರ್ಕ್‌ಶಾಪ್‌ನ ದೊಡ್ಡ ಗುಣ ಎಂದು ನಾನು ತಿಳಿಯುತ್ತೇನೆ. ಹಳೆಯ ಭಾಗವನ್ನು ತೊಳೆದು ಹೊಸದೆಂದು ಹಾಕಿದರೂ ಗ್ರಾಹಕನಿಗೆ ತಿಳಿಯದ ಸ್ಥಿತಿಯಲ್ಲಿ, ಅದನ್ನು ಕಾಗದದ ಮೇಲೆ ಬರೆದುಕೊಡುವುದು ಸಣ್ಣ ಮಾತಲ್ಲ.

ಬಿಡಿಭಾಗಗಳ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಕಾರಿನ ಹೆಚ್ಚಿನ ಭಾಗಗಳನ್ನು ಕಾರ್ ಕಂಪನಿಗಳು ತಾವೇ ತಯಾರಿಸುವುದಿಲ್ಲ. ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ಬೇರಿಂಗ್, ಫಿಲ್ಟರ್, ಬೆಲ್ಟ್ ಮುಂತಾದವನ್ನು ಬಿಡಿಭಾಗ ತಯಾರಕರೇ ಮಾಡಿ ಕಾರ್ ಕಂಪನಿಗೆ ಕೊಡುತ್ತಾರೆ, ಜೊತೆಗೆ ತಮ್ಮದೇ ಹೆಸರಿನಲ್ಲಿ ಪೇಟೆಗೂ ಬಿಡುತ್ತಾರೆ. ಆದ್ದರಿಂದ ಕಾರ್ ಕಂಪನಿ ಹೋದರೂ ಇವು ಸಿಗುತ್ತವೆ. ನನ್ನ ಕ್ಲಚ್ ಸೆಟ್ ಎರಡೇ ದಿನದಲ್ಲಿ ಬಂತು, ಬೆಲೆಯೂ ಹಿಂದಿನ ಅಧಿಕೃತ ದರಕ್ಕಿಂತ ಕಡಿಮೆಯಿತ್ತು. ತೊಂದರೆ ಇರುವುದು ಆಯಾ ಮಾಡೆಲ್‌ಗೆ ಮಾತ್ರ ಹೊಂದುವ ಭಾಗಗಳಲ್ಲಿ: ಬಂಪರ್, ಫೆಂಡರ್, ಬಾಗಿಲು, ಹೆಡ್‌ಲ್ಯಾಂಪ್, ಡ್ಯಾಶ್‌ಬೋರ್ಡ್, ಎಂಜಿನ್ ನಿಯಂತ್ರಿಸುವ ಇಸಿಯು. ಇವುಗಳ ಅಚ್ಚು ಕಾರ್ ಕಂಪನಿಯ ಸೊತ್ತಾಗಿರುತ್ತದೆ, ಬೇಡಿಕೆ ಇಳಿದ ಮೇಲೆ ಯಾರೂ ಅಚ್ಚು ಹೊಡೆಯುವುದಿಲ್ಲ. ನನ್ನ ಹೆಡ್‌ಲ್ಯಾಂಪ್ ಹೊಸದು ಎಲ್ಲಿಯೂ ಸಿಗಲಿಲ್ಲ. ಬೆಂಗಳೂರಿನಿಂದ ಹಳೆಯದನ್ನು ತರಿಸಬಹುದು, ಆದರೆ ಅದು ಇದಕ್ಕಿಂತ ಚೆನ್ನಾಗಿರುತ್ತದೆ ಎಂದು ತಾವು ಹೇಳಲಾರೆವು ಎಂದ ಅವರು, ಇದ್ದುದನ್ನೇ ಬಿಚ್ಚಿ, ಒಣಗಿಸಿ, ಅಂಚಿಗೆ ಹೊಸ ಸೀಲಂಟ್ ಹಾಕಿ ಕೂಡಿಸಿದರು. ಒಂದು ಮಳೆಗಾಲ ಕಳೆದರೂ ನೀರು ಸೇರಿಲ್ಲ.

ಇನ್ನೊಂದು ಕೊರತೆ ಸ್ಕ್ಯಾನರ್‌ನದು. ಕಂಪನಿಯ ಅಧಿಕೃತ ಸಾಫ್ಟ್‌ವೇರ್ ಆನ್‌ಲೈನ್ ಲಾಗಿನ್ ಮೂಲಕ ನಡೆಯುತ್ತಿತ್ತು. ಡೀಲರ್‌ಶಿಪ್ ಮುಗಿದೊಡನೆ ಲಾಗಿನ್ ಕೂಡ ಮುಗಿಯಿತು. ಈಗಿರುವುದು ಹಲವು ಕಂಪನಿಗಳ ಕಾರುಗಳಿಗೆ ಒಗ್ಗುವ ಸಾಮಾನ್ಯ ಸ್ಕ್ಯಾನರ್. ಅದು ದೋಷದ ಕೋಡ್ ಓದುತ್ತದೆ, ಆದರೆ ಹೊಸ ಕೀಲಿಯನ್ನು ಕಾರಿಗೆ ಜೋಡಿಸುವುದು, ಇಸಿಯು ಸಾಫ್ಟ್‌ವೇರ್ ಬದಲಿಸುವುದು ಇಲ್ಲಿ ಆಗುವುದಿಲ್ಲ. ಎರಡನೆಯ ಕೀಲಿ ಕಳೆದುಕೊಂಡವರು ಇಲ್ಲಿಗೆ ಬಂದು ಪ್ರಯೋಜನವಿಲ್ಲ.

ಇಷ್ಟು ಓದಿದವರಿಗೆ, ಇದು ಡೀಲರ್‌ನ ಆಲಸ್ಯವೋ ಕಂಪನಿ ಹೋದದ್ದರ ಫಲವೋ ಎಂಬ ಅನುಮಾನ ಬರಬಹುದು. ಅದಕ್ಕೆ ಉತ್ತರ ಬೇಕಾದರೆ ಡೀಲರ್‌ನ ಹಣ ಎಲ್ಲಿ ಸಿಕ್ಕಿಕೊಂಡಿರುತ್ತದೆ ಎಂಬುದನ್ನು ನೋಡಬೇಕು. ನಮ್ಮಲ್ಲಿ ಬಹಳ ಜನ ಶೋರೂಮ್ ಎಂದರೆ ಕಂಪನಿಯ ಶಾಖೆ ಎಂದೇ ತಿಳಿದಿದ್ದಾರೆ. ವಾಸ್ತವದಲ್ಲಿ ಡೀಲರ್ ಕಂಪನಿಯ ಮೊದಲ ಗಿರಾಕಿ. ಕಾರು ಕಾರ್ಖಾನೆಯಿಂದ ಹೊರಡುವ ಹೊತ್ತಿಗೇ ಅದರ ಹಣ ಕಂಪನಿಗೆ ಸಂದಾಯವಾಗಿರುತ್ತದೆ, ಆ ಹಣವನ್ನು ಹೆಚ್ಚಾಗಿ ಬ್ಯಾಂಕು ಡೀಲರ್‌ನ ಹೆಸರಿನಲ್ಲಿ ಸಾಲವಾಗಿ ಕಟ್ಟಿರುತ್ತದೆ, ಆ ಸಾಲಕ್ಕೆ ಡೀಲರ್‌ನ ಜಾಗವೋ ಮನೆಯೋ ಅಡವಿರುತ್ತದೆ. ಸ್ಟಾಕ್‌ಯಾರ್ಡ್‌ನಲ್ಲಿ ನಿಂತ ಪ್ರತಿಯೊಂದು ಕಾರಿನ ಮೇಲೂ ಬಡ್ಡಿ ಓಡುತ್ತಿರುತ್ತದೆ. ಇದರ ಜೊತೆಗೆ ಕಂಪನಿ ಹೇಳಿದ ಬಣ್ಣ, ಹೇಳಿದ ಟೈಲ್ಸ್, ಹೇಳಿದ ಗಾಜು ಹಾಕಿ ಕಟ್ಟಿದ ಶೋರೂಮ್, ಆ ಕಂಪನಿಯ ಕಾರಿಗೆ ಮಾತ್ರ ಒಗ್ಗುವ ವಿಶೇಷ ಸಲಕರಣೆಗಳು, ಕಪಾಟು ತುಂಬ ಬಿಡಿಭಾಗಗಳು, ಡೆಮೊ ಕಾರುಗಳು.

ಇನ್ನು ಕಂಪನಿಯಿಂದ ಡೀಲರ್‌ಗೆ ಬರಬೇಕಾದ ಹಣ ಬೇರೆ. ವಾರಂಟಿಯಲ್ಲಿ ಗ್ರಾಹಕನಿಗೆ ಪುಕ್ಕಟೆ ಮಾಡಿಕೊಟ್ಟ ಕೆಲಸದ ಕೂಲಿ ಮತ್ತು ಭಾಗದ ಬೆಲೆಯನ್ನು ಡೀಲರ್ ಮೊದಲು ತನ್ನ ಕೈಯಿಂದ ಹಾಕಿ, ಆಮೇಲೆ ಕ್ಲೇಮ್ ಕಳಿಸುತ್ತಾನೆ. ಹಬ್ಬದ ಸ್ಕೀಮಿನ ರಿಯಾಯಿತಿ, ಗುರಿ ಮುಟ್ಟಿದ್ದಕ್ಕೆ ಕೊಡುವ ಇನ್ಸೆಂಟಿವ್, ಇವೂ ಕ್ರೆಡಿಟ್ ನೋಟ್ ರೂಪದಲ್ಲಿ, ಅಂದರೆ ಲೆಕ್ಕಕ್ಕೆ ಜಮೆ ಮಾಡುವ ಚೀಟಿಯಾಗಿ, ನಂತರ ಬರುವಂಥವು. ಡೀಲರ್ ಕಟ್ಟಿದ ಡಿಪಾಸಿಟ್ ಅಂತೂ ಕಂಪನಿಯ ಬಳಿಯೇ ಇರುತ್ತದೆ. ಕಂಪನಿ ಚೆನ್ನಾಗಿರುವವರೆಗೆ ಇದು ತಿಂಗಳ ಲೆಕ್ಕದಲ್ಲಿ ಕೂಡಿ ಕಳೆದು ಹೋಗುತ್ತದೆ. ಕಂಪನಿ ಬಿದ್ದ ದಿನ ಡೀಲರ್ ಸಾಲ ಕೊಟ್ಟವನ ಜಾಗದಲ್ಲಿ ನಿಂತಿರುತ್ತಾನೆ. ಅದೇ ವಾರ ಬುಕಿಂಗ್ ಮಾಡಿದವರು ಅಡ್ವಾನ್ಸ್ ಮರಳಿ ಕೇಳುತ್ತಾರೆ, ಬ್ಯಾಂಕು ಸಾಲದ ಲಿಮಿಟ್ ಇಳಿಸುತ್ತದೆ, ನುರಿತ ಮೆಕ್ಯಾನಿಕ್‌ಗಳು ಪಕ್ಕದ ಶೋರೂಮಿಗೆ ಹೋಗುತ್ತಾರೆ, ನಿಂತ ಕಾರಿನ ಬೆಲೆ ಕುಸಿಯುತ್ತದೆ. ಎಲ್ಲವೂ ಒಟ್ಟಿಗೇ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಕಂಪನಿ ದೇಶ ಬಿಟ್ಟು ಹೋಗುವುದು ಬೇರೆ, ದಿವಾಳಿಯಾಗುವುದು ಬೇರೆ. ಫೋರ್ಡ್ 2021ರ ಸೆಪ್ಟೆಂಬರ್ 9ರಂದು ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಪ್ರಕಟಿಸಿದಾಗ, ಅದಕ್ಕೆ 170 ಡೀಲರ್‌ಗಳೂ 391 ಮಳಿಗೆಗಳೂ ಇದ್ದವು, ಡೀಲರ್‌ಗಳು ಹೂಡಿದ್ದು ಸುಮಾರು 2,000 ಕೋಟಿ ರೂಪಾಯಿ, ಅವರ ಬಳಿ ಕೆಲಸಕ್ಕಿದ್ದವರು ಸುಮಾರು 40,000 ಜನ ಎಂದು ಡೀಲರ್‌ಗಳ ಒಕ್ಕೂಟವಾದ ಫಾಡಾ ಹೇಳಿತ್ತು. ಕಂಪನಿಯ ಸ್ವಂತ ಕಾರ್ಖಾನೆಗಳಲ್ಲಿ ಕೆಲಸಕ್ಕೆ ಕುತ್ತು ಬಂದದ್ದು ಸುಮಾರು 4,000 ಜನರಿಗೆ. ಅಂದರೆ ಪೆಟ್ಟಿನ ಹೆಚ್ಚಿನ ಪಾಲು ಬಿದ್ದದ್ದು ಕಾರ್ಖಾನೆಯ ಗೇಟಿನ ಹೊರಗೆ. ಆದರೆ ಅಮೆರಿಕದಲ್ಲಿ ಆ ಕಂಪನಿ ಜೀವಂತವಾಗಿತ್ತು, ಹಣವಿತ್ತು, ಸರ್ವಿಸ್ ಮತ್ತು ಬಿಡಿಭಾಗ ಮುಂದುವರಿಸುವ ಮಾತು ಕೊಡುವ ಸ್ಥಿತಿಯಲ್ಲಿತ್ತು. ದಿವಾಳಿಯಾದ ಕಂಪನಿಯ ಎದುರು ಕುಳಿತು ಪರಿಹಾರದ ಮಾತುಕತೆ ನಡೆಸುವುದೂ ಸಾಧ್ಯವಿಲ್ಲ.

ಅದಕ್ಕೆ ದೊಡ್ಡ ಉದಾಹರಣೆ 2009ರ ಅಮೆರಿಕ. ಕ್ರೈಸ್ಲರ್ ಏಪ್ರಿಲ್ 30ರಂದು ದಿವಾಳಿ ನ್ಯಾಯಾಲಯಕ್ಕೆ ಹೋಯಿತು. ಮೇ 14ರಂದು ತನ್ನ ಡೀಲರ್‌ಗಳಲ್ಲಿ ಸುಮಾರು ಕಾಲು ಭಾಗದಷ್ಟು, 789 ಮಂದಿಯ ಒಪ್ಪಂದವನ್ನು ಕೈಬಿಡುವುದಾಗಿ ತಿಳಿಸಿತು. ಜೂನ್ 9ಕ್ಕೆ ಅದು ಜಾರಿಯೂ ಆಯಿತು. ನಾಲ್ಕು ವಾರವೂ ತುಂಬಲಿಲ್ಲ. ನಿಂತ ಕಾರುಗಳನ್ನು ತಾನು ಮರಳಿ ಕೊಳ್ಳಲಾರೆ, ಉಳಿದ ಡೀಲರ್‌ಗಳಿಗೆ ದಾಟಿಸಲು ನೆರವಾಗುತ್ತೇನೆ ಎಂದಿತು. ಜೂನ್ 1ರಂದು ದಿವಾಳಿಗೆ ಹೋದ ಜನರಲ್ ಮೋಟರ್ಸ್ ಸ್ವಲ್ಪ ಉದಾರವಾಗಿ, ಮುಚ್ಚಬೇಕಾದ ಡೀಲರ್‌ಗಳಿಗೆ 2010ರ ಅಕ್ಟೋಬರ್‌ವರೆಗೆ ಗಡುವು ಮತ್ತು ಒಂದಿಷ್ಟು ಹಣ ಕೊಟ್ಟಿತು. ಅಲ್ಲಿನ ರಾಜ್ಯಗಳಲ್ಲಿ ಡೀಲರ್‌ಗಳ ರಕ್ಷಣೆಗೆಂದೇ ಕಾನೂನುಗಳಿದ್ದವು, ಆದರೆ ದಿವಾಳಿ ನ್ಯಾಯಾಲಯದಲ್ಲಿ ಒಪ್ಪಂದವನ್ನೇ ತಿರಸ್ಕರಿಸಲು ಕಂಪನಿಗೆ ಅವಕಾಶ ಸಿಕ್ಕಾಗ ಅವು ಕೈಕೊಟ್ಟವು. ಈ ಎರಡೂ ಕಂಪನಿಗಳ ಹೊಸ ಕಾರಿನ ವಾರಂಟಿಗೆ ತಾನೇ ಬೆಂಬಲವಾಗಿ ನಿಲ್ಲುತ್ತೇನೆ ಎಂದು ಅಮೆರಿಕ ಸರ್ಕಾರ ಮಾರ್ಚ್ ಕೊನೆಯಲ್ಲಿಯೇ ಘೋಷಿಸಿತ್ತು. ಕಾರು ಕೊಂಡವರಿಗೆ ಸರ್ಕಾರದ ಭರವಸೆ ಸಿಕ್ಕಿತು, ಕಾರು ಮಾರಿದವರಿಗೆ ನೋಟಿಸು ಸಿಕ್ಕಿತು. ತೆಗೆದುಹಾಕಿದ ಡೀಲರ್‌ಗಳು ಮಧ್ಯಸ್ಥಿಕೆಗೆ ಹೋಗಬಹುದು ಎಂಬ ಕಾನೂನು ಬಂದದ್ದು ಆ ವರ್ಷದ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಅನೇಕರ ಬಾಗಿಲು ಮುಚ್ಚಿತ್ತು. ಜನರಲ್ ಮೋಟರ್ಸ್‌ನ ಸ್ಯಾಟರ್ನ್ ಬ್ರ್ಯಾಂಡ್ ಕೊಳ್ಳಲು ಮುಂದೆ ಬಂದಿದ್ದ ಪೆನ್ಸ್ಕೆ ಸಂಸ್ಥೆ, ಕಾರು ತಯಾರಿಸಿ ಕೊಡುವವರು ಸಿಗದೆ ಸೆಪ್ಟೆಂಬರ್ 30ರಂದು ಹಿಂದೆ ಸರಿದಾಗ, ಬದುಕಿದೆವು ಎಂದುಕೊಂಡಿದ್ದ ಸ್ಯಾಟರ್ನ್ ಡೀಲರ್‌ಗಳ ಆಸೆಯೂ ಹೋಯಿತು.

ಇತ್ತೀಚಿನ ಫಿಸ್ಕರ್ ಪ್ರಕರಣ ಇನ್ನೂ ವಿಚಿತ್ರವಾದದ್ದು. ಈ ಎಲೆಕ್ಟ್ರಿಕ್ ಕಾರ್ ಕಂಪನಿ 2024ರ ಆರಂಭದಲ್ಲಿ ನೇರ ಮಾರಾಟ ಬಿಟ್ಟು ಡೀಲರ್‌ಗಳನ್ನು ನೇಮಿಸಲು ಹೊರಟಿತು, ಮಾರ್ಚ್‌ನಲ್ಲಿ ಓಷನ್ ಕಾರಿನ ಒಂದು ಮಾದರಿಯ ಬೆಲೆಯನ್ನು 24,000 ಡಾಲರ್‌ನಷ್ಟು ಇಳಿಸಿತು, ಜೂನ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಜನವರಿಯ ಬೆಲೆಗೆ ಸ್ಟಾಕ್ ತೆಗೆದುಕೊಂಡ ಡೀಲರ್‌ನ ಲೆಕ್ಕವನ್ನು ಯಾರಾದರೂ ಊಹಿಸಬಹುದು. ಉಳಿದ ಸುಮಾರು 3,000 ಕಾರುಗಳನ್ನು ನ್ಯೂಯಾರ್ಕ್‌ನ ಒಂದು ಬಾಡಿಗೆ ಕಂಪನಿ ಸಗಟಾಗಿ ಕೊಂಡಿತು. ಆಮೇಲೆ ಆ ಕಾರುಗಳ ಮಾಹಿತಿ ಫಿಸ್ಕರ್‌ನ ಸರ್ವರ್‌ನಲ್ಲಿದ್ದು, ಅದನ್ನು ತಮ್ಮ ಕಡೆಗೆ ವರ್ಗಾಯಿಸಿಕೊಳ್ಳುವುದೇ ತಕರಾರಾಯಿತು. ನಮ್ಮ ಗೋಕುಲ ರಸ್ತೆಯ ಸ್ಕ್ಯಾನರ್ ಲಾಗಿನ್ ಸಮಸ್ಯೆ ಇದರ ಮುಂದೆ ಸಣ್ಣದೆನಿಸುತ್ತದೆ. ಇಡೀ ಕಾರೇ ಸಾಫ್ಟ್‌ವೇರ್ ಮೇಲೆ ನಡೆಯುವಾಗ, ಕಂಪನಿ ಮುಳುಗಿದರೆ ಮೆಕ್ಯಾನಿಕ್ ಎಷ್ಟೇ ಜಾಣನಿದ್ದರೂ ಮಾಡುವುದೇನು?

ನಮ್ಮ ದೇಶಕ್ಕೂ ಇದು ಹೊಸದಲ್ಲ. ಕೊರಿಯಾದ ಡೇವೂ ಮೋಟರ್ 2000ದ ನವೆಂಬರ್‌ನಲ್ಲಿ ದಿವಾಳಿಯಾಯಿತು; 2002ರಲ್ಲಿ ಜನರಲ್ ಮೋಟರ್ಸ್ ಅದರ ಮುಖ್ಯ ಭಾಗಗಳನ್ನು ಕೊಂಡಾಗ, ಮ್ಯಾಟಿಜ್ ಕಾರು ತಯಾರಾಗುತ್ತಿದ್ದ ಉತ್ತರ ಪ್ರದೇಶದ ಸೂರಜ್‌ಪುರದ ಕಾರ್ಖಾನೆಯನ್ನು ಕೊಳ್ಳಲಿಲ್ಲ. ಮಾತೃ ಕಂಪನಿಗೆ ಹೊಸ ಧಣಿ ಸಿಕ್ಕರೂ ಇಲ್ಲಿನ ಡೀಲರ್ ಮತ್ತು ಗ್ರಾಹಕ ಅನಾಥರಾಗಿಯೇ ಉಳಿಯಬಹುದು ಎಂಬುದಕ್ಕೆ ಇದು ಸಾಕ್ಷಿ.

ಈಗ ನಮ್ಮಲ್ಲಿ ಒಂದು ಕಾರ್ ಕಂಪನಿ ದಿವಾಳಿಯಾದರೆ 2016ರ ದಿವಾಳಿ ಸಂಹಿತೆ ಅನ್ವಯಿಸುತ್ತದೆ. ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ ಅರ್ಜಿಯನ್ನು ಅಂಗೀಕರಿಸಿದೊಡನೆ ಸಂಹಿತೆಯ 14ನೇ ಸೆಕ್ಷನ್ ಪ್ರಕಾರ ಕಂಪನಿಯ ಮೇಲೆ ಹೊಸ ದಾವೆ ಹೂಡುವುದಕ್ಕೂ ಇರುವ ದಾವೆ ಮುಂದುವರಿಸುವುದಕ್ಕೂ ತಡೆ ಬೀಳುತ್ತದೆ. ವಾರಂಟಿ ಕೂಲಿಯಂಥ ಬಾಕಿಗೆ ಡೀಲರ್ ಮಾಡಬಹುದಾದದ್ದು, ಕಾಗದಪತ್ರ ಜೋಡಿಸಿ ಕ್ಲೇಮ್ ಸಲ್ಲಿಸಿ ಕಾಯುವುದು. ಕಂಪನಿಯ ಭವಿಷ್ಯ ನಿರ್ಧರಿಸುವ ಸಾಲದಾತರ ಸಮಿತಿಯಲ್ಲಿ ಮತವಿರುವುದು ಮುಖ್ಯವಾಗಿ ಬ್ಯಾಂಕುಗಳಿಗೆ. ಸರಕು ಮತ್ತು ಸೇವೆಯ ಬಾಕಿಯವರಿಗೆ ಮತವಿಲ್ಲ. ಪ್ರಕ್ರಿಯೆಗೆ ಗರಿಷ್ಠ 330 ದಿನ ಎಂದು ಕಾನೂನು ಹೇಳಿದರೂ ಅನೇಕ ಪ್ರಕರಣಗಳು ಅದನ್ನು ದಾಟಿವೆ. ಕೊನೆಗೆ ಕಂಪನಿಯನ್ನು ಮಾರಿ ಹಂಚುವುದಾದರೆ 53ನೇ ಸೆಕ್ಷನ್‌ನ ಸರದಿಯಲ್ಲಿ ಪ್ರಕ್ರಿಯೆಯ ವೆಚ್ಚ, ಕಾರ್ಮಿಕರ ಬಾಕಿ, ಅಡವು ಇಟ್ಟುಕೊಂಡ ಬ್ಯಾಂಕು, ನೌಕರರು, ಸರ್ಕಾರ ಎಲ್ಲ ಆದ ಮೇಲೆ ಡೀಲರ್‌ನಂಥವರ ಪಾಳಿ. ಆದರೆ ಡೀಲರ್ ತನ್ನ ಬ್ಯಾಂಕಿಗೆ ಕಟ್ಟಬೇಕಾದ ಸಾಲಕ್ಕೆ ಯಾವ ತಡೆಯೂ ಇಲ್ಲ. ಬರುವುದು ನಿಂತಿರುತ್ತದೆ, ಕೊಡುವುದು ನಿಲ್ಲುವುದಿಲ್ಲ. ಡೀಲರ್‌ಗಳ ರಕ್ಷಣೆಗೆ ಪ್ರತ್ಯೇಕ ಕಾನೂನು ಬೇಕೆಂದು ಫಾಡಾ ಒತ್ತಾಯಿಸುತ್ತಿರುವುದು ಈ ಕಾರಣಕ್ಕೆ, ಆ ಬೇಡಿಕೆ ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ.

ಗ್ರಾಹಕರ ಕಡೆಯಿಂದಲೂ ಡೀಲರ್‌ಗೆ ಭಾರ ಬೀಳುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 86ನೇ ಸೆಕ್ಷನ್ ಪ್ರಕಾರ, ದೋಷವುಳ್ಳ ಸರಕಿನ ತಯಾರಕನಿಗೆ ನೋಟಿಸ್ ಮುಟ್ಟಿಸಲು ಸಾಧ್ಯವಾಗದಿದ್ದರೆ, ಅಥವಾ ಅವನ ಮೇಲೆ ಆದೇಶ ಜಾರಿ ಮಾಡಲಾಗದಿದ್ದರೆ, ಮಾರಿದವನನ್ನೇ ಹೊಣೆ ಮಾಡಬಹುದು. ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವ ಗ್ರಾಹಕನಿಗೆ ಇದು ಒಳ್ಳೆಯದೇ. ಕಂಪನಿ ಎಲ್ಲೋ ಮುಳುಗಿದೆ ಎಂಬ ಕಾರಣಕ್ಕೆ ಅವನ ಹಕ್ಕು ಮುಳುಗಬಾರದು. ಆದರೆ ಅದೇ ದೋಷಕ್ಕೆ ಡೀಲರ್ ಕಂಪನಿಯಿಂದ ವಸೂಲಿ ಮಾಡಲಾರದೆ ಇರುವಾಗ, ಗೋಕುಲ ರಸ್ತೆಯ ಇಂಥ ಮಾಲೀಕ ಎರಡೂ ಕಡೆಯಿಂದ ಇಕ್ಕಳದಲ್ಲಿ ಸಿಕ್ಕಂತೆ. ಈ ಮಾಲೀಕರು ವಾರಂಟಿ ಬಾಕಿಯಿದ್ದ ಕಾರುಗಳಿಗೆ ಕೂಲಿ ತೆಗೆದುಕೊಳ್ಳದೆ ಕೆಲಸ ಮಾಡಿಕೊಟ್ಟರು, ಭಾಗದ ಹಣ ಮಾತ್ರ ಕೇಳಿದರು ಎಂದು ಇಬ್ಬರು ಪರಿಚಿತರು ಹೇಳಿದ್ದಾರೆ. ನನ್ನ ಕಾರಿನ ವಾರಂಟಿ ಆಗಲೇ ಮುಗಿದಿತ್ತು.

ಮೆಚ್ಚಿಗೆ ಇಷ್ಟಾದ ಮೇಲೆ ದೂರುಗಳನ್ನೂ ಹೇಳಲೇಬೇಕು. ಬಿಡಿಭಾಗಕ್ಕೆ ಪೂರ್ತಿ ಹಣ ಮುಂಗಡ ಕೇಳುತ್ತಾರೆ. ಇವರ ಪರಿಸ್ಥಿತಿ ಅರ್ಥವಾದರೂ, ಭಾಗ ಬಾರದಿದ್ದರೆ ಹಣ ಎಷ್ಟು ದಿನದಲ್ಲಿ ಮರಳುತ್ತದೆ ಎಂದು ರಸೀದಿಯಲ್ಲಿ ಬರೆಯುವುದಿಲ್ಲ. ಇದು ಸರಿಯಲ್ಲ, ಕೇಳಿ ಬರೆಸಿಕೊಳ್ಳಬೇಕು. ಹಳೆಯ ಭಾಗ ಹಾಕಿಸಿಕೊಂಡರೆ ಅದಕ್ಕೆ ಯಾವ ಗ್ಯಾರಂಟಿಯೂ ಇಲ್ಲ. ಕಾರು ತೊಳೆಯುವುದು ನಾಮಕಾವಸ್ತೆ, ಸೀಟಿನ ಮೇಲೆ ಗ್ರೀಸ್ ಕಲೆ ಉಳಿದಿತ್ತು. ಮನೆಯಿಂದ ಕಾರು ಒಯ್ದು ತಂದುಕೊಡುವ ವ್ಯವಸ್ಥೆ ನಿಂತಿದೆ. ನವನಗರದವರು ಅಥವಾ ಧಾರವಾಡದವರು ಕಾರು ಬಿಟ್ಟು, ಹುಬ್ಬಳ್ಳಿ–ಧಾರವಾಡದ ನಡುವೆ ಓಡುವ ಚಿಗರಿ ಬಸ್ಸು ಹತ್ತಲು ಹೊಸೂರಿಗೆ ಆಟೋ ಹಿಡಿಯಬೇಕು. ಫೋನ್ ಎತ್ತುವುದು ಅವರ ಮರ್ಜಿ. ಬಿಲ್ಲು ಎಸ್ಟಿಮೇಟ್‌ಗಿಂತ ಸ್ವಲ್ಪ ಹೆಚ್ಚು ಬಂತು, ಕೇಳಿದಾಗ ಅಲೈನ್‌ಮೆಂಟ್ ಸೇರಿಸಿದ್ದೇವೆ ಎಂದರು, ಮೊದಲೇ ಹೇಳಬೇಕಿತ್ತು.

ಅಪಘಾತದ ಕೆಲಸಕ್ಕೆ ಬರುವವರು ಇನ್ನೆರಡು ಸಂಗತಿ ತಿಳಿದಿರಬೇಕು. ಕಂಪನಿಯ ಡೀಲರ್ ಎಂಬ ನೆಲೆಯಲ್ಲಿ ಇದ್ದ ಕ್ಯಾಶ್‌ಲೆಸ್ ಒಪ್ಪಂದ, ಅಂದರೆ ವಿಮಾ ಕಂಪನಿಯೇ ನೇರವಾಗಿ ವರ್ಕ್‌ಶಾಪ್‌ಗೆ ಹಣ ಕಟ್ಟುವ ಏರ್ಪಾಡು, ಇಲ್ಲಿ ಈಗ ಇಲ್ಲ. ಮೊದಲು ವಿಮಾ ಕಂಪನಿಗೆ ತಿಳಿಸಿ, ಸರ್ವೇಯರ್ ಬಂದು ನೋಡಿದ ಮೇಲೆ ಕೆಲಸ ಮಾಡಿಸಿ, ಹಣ ಕಟ್ಟಿ, ಬಿಲ್ಲು ಸಲ್ಲಿಸಿ ಮರಳಿ ಪಡೆಯಬೇಕು. ಎರಡನೆಯದಾಗಿ, ತಯಾರಿಕೆ ನಿಂತ ಮಾಡೆಲ್‌ಗಳಿಗೂ ಐದು ವರ್ಷ ಮೀರಿದ ಕಾರುಗಳಿಗೂ ವಿಮೆಯ ಐಡಿವಿ ಮೊತ್ತವನ್ನು (ಕಾರಿನ ಬೆಲೆಯೆಂದು ಪಾಲಿಸಿಯಲ್ಲಿ ಬರೆಯುವ ಸಂಖ್ಯೆ) ವಿಮಾ ಕಂಪನಿ ಮತ್ತು ಗ್ರಾಹಕ ಪರಸ್ಪರ ಒಪ್ಪಿ ನಿಗದಿ ಮಾಡುವುದು ನಿಯಮ. ನವೀಕರಣದ ಹೊತ್ತಿಗೆ ಅವರು ಹಾಕಿದ ಸಂಖ್ಯೆಗೆ ಸುಮ್ಮನೆ ತಲೆಯಾಡಿಸಬಾರದು. ಬಾಡಿ ಭಾಗ ಸಿಗದೆ ಸಣ್ಣ ಅಪಘಾತದಲ್ಲೂ ರಿಪೇರಿ ವೆಚ್ಚ ಏರುವ ಇಂಥ ಕಾರುಗಳಲ್ಲಿ ಕಾರನ್ನೇ ಟೋಟಲ್ ಲಾಸ್, ಅಂದರೆ ರಿಪೇರಿಗೆ ಯೋಗ್ಯವಲ್ಲ ಎಂದು ಘೋಷಿಸುವ ಸಂದರ್ಭ ಬರಬಹುದು, ಆಗ ಕೈಗೆ ಬರುವ ಹಣ ಆ ಸಂಖ್ಯೆಯ ಮೇಲೆಯೇ ನಿಂತಿರುತ್ತದೆ.

ಎಂಜಿನ್, ಕ್ಲಚ್, ಬ್ರೇಕ್, ಸಸ್ಪೆನ್ಷನ್ ಕೆಲಸಕ್ಕೆ ಈ ವರ್ಕ್‌ಶಾಪ್‌ಗೆ ನಾನು ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ; ಆ ಮಾಡೆಲ್‌ಗಳನ್ನು ವರ್ಷಗಟ್ಟಲೆ ಬಿಚ್ಚಿ ಜೋಡಿಸಿದ ಕೈಗಳು ಬೇರೆ ಗ್ಯಾರೇಜಿನಲ್ಲಿ ಸಿಗುವುದು ಕಷ್ಟ. ಡೆಂಟಿಂಗ್–ಪೇಂಟಿಂಗ್‌ಗೆ ಎರಡೂವರೆ. ಎಲೆಕ್ಟ್ರಾನಿಕ್ಸ್ ಕೆಲಸಕ್ಕೆ ಅಂಕವೇ ಬೇಡ, ಅವರೇ ಬೇರೆ ಕಡೆ ಕಳಿಸುತ್ತಾರೆ. ಗದಗ, ಹಾವೇರಿ ಕಡೆಯಿಂದ ಬರುವವರು ಮಾಡೆಲ್, ವರ್ಷ ಮತ್ತು ಚಾಸಿಸ್ ನಂಬರನ್ನು ಮೊದಲೇ ವಾಟ್ಸಾಪ್‌ನಲ್ಲಿ ಕಳಿಸಿ, ಭಾಗ ಕೈಗೆ ಬಂದಿದೆ ಎಂದು ಅವರು ಫೋಟೊ ಹಾಕಿದ ಮೇಲೆಯೇ ಕಾರು ಹೊರಡಿಸುವುದು ಒಳ್ಳೆಯದು. ಬದಲಿಸಿದ ಹಳೆಯ ಭಾಗಗಳನ್ನು ಕೇಳಿದರೆ ಚೀಲದಲ್ಲಿ ಹಾಕಿ ಕೊಡುತ್ತಾರೆ, ಕೇಳದಿದ್ದರೆ ಕೊಡುವುದಿಲ್ಲ. ಭಾನುವಾರ ರಜೆ.